ಪೆಟ್ಟಿಗೆಯ ಬೀಗ ತೆಗೆಯಿರಿ



ನಮ್ಮ ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಅದರೊಳಗೆ ಎರಡು ಉಳಿ, ಒಂದು ಕೊಡತಿ, ಒಂದು ಸುತ್ತಿಗೆ, ಒಂದು ಕೈಗರಗಸ ಮತ್ತು ಬಿಲ್ಲಿನ ಹಾಗೆ ಬಗ್ಗಿದ ಕಬ್ಬಿಣದ ಚೌಕಟ್ಟಿಗೆ ನೂಲಿನಂಥ ಅಲಗು ಕಟ್ಟುವ ಸಣ್ಣ ಗರಗಸ ಇವೆ. ಸುಣ್ಣ ಬಳಿಯುವಾಗ ಸಾಮಾನು ಹೊರಗಿಟ್ಟಿದ್ದರು, ಆಗ ನೋಡಿದ್ದು. ಮತ್ತೆ ಒಳಗಿಟ್ಟು ಬೀಗ ಹಾಕಿದರು. ಆ ಬೀಗ ತೆಗೆದು ಆರು ಮತ್ತು ಏಳನೇ ತರಗತಿಗೆ ವಾರಕ್ಕೆ ಒಂದು ಪೀರಿಯಡ್ ಮರಗೆಲಸ ಕಲಿಸಬೇಕು, ಹುಡುಗಿಯರಿಗೂ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ.

ಇದನ್ನು ಹೇಳಿದ ಕೂಡಲೆ ಎಲ್ಲರೂ ಹೇಳುವ ಮಾತು ಒಂದೇ, "ಕೈ ಕುಯ್ದುಕೊಳ್ತೀರಿ." ನಾನು ಕೇಳುತ್ತೇನೆ, ನಮ್ಮ ಕೈಗೆ ಈಳಿಗೆಮಣೆ ಕೊಡುವಾಗ ಯಾರಾದರೂ ಹಾಗೆ ಹೇಳಿದ್ದಾರಾ? ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂರುವ ಮಕ್ಕಳು ನಮ್ಮ ತರಗತಿಯಲ್ಲೇ ಎಷ್ಟು ಜನ ಇಲ್ಲ? ಹುಲ್ಲು ಕೊಯ್ಯುವ ಕತ್ತಿಗಿಂತ ಈ ಸಣ್ಣ ಗರಗಸ ಸಾಧು ಪ್ರಾಣಿ. ಅದರ ಅಲಗು ಜೋರು ಮಾಡಿದರೆ ತಾನೇ ಪಟ್ ಅಂತ ತುಂಡಾಗುತ್ತದೆ.

ಎರಡನೇ ಮಾತು, "ಹೆಣ್ಣು ಮಕ್ಕಳಿಗೆ ಇದೆಂತಕ್ಕೆ?" ರಂಗೋಲಿಯಲ್ಲಿ ಚುಕ್ಕಿ ಸುತ್ತ ಗೆರೆ ತಪ್ಪದೆ ಎಳೆಯುವ ಕೈ ಯಾರದ್ದು? ಈ ಗರಗಸದ ಕೆಲಸವೂ ಅದೇ, ಗೆರೆ ಬಿಡದೆ ಹೋಗುವುದು. ಇದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ನನಗೆ ಇಷ್ಟು ಗೊತ್ತಿರುವುದು ನಮ್ಮ ಮಾವನಿಂದ. ಮಾವ ಆಚಾರರಲ್ಲ, ತೋಟದ ಕೆಲಸ ಮಾಡುವವರು. ದನ ಕೊಟ್ಟ ಮೇಲೆ ಖಾಲಿ ಬಿದ್ದ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡಿದ್ದಾರೆ. ಗೊಂತಿನ ಮೇಲೆ ಹಲಗೆ, ಕಣ್ಣಿ ಕಟ್ಟುವ ಗೂಟಕ್ಕೆ ಗರಗಸ ನೇತು ಹಾಕಿದ್ದಾರೆ. ರಾತ್ರಿ ಊಟ ಆದ ಮೇಲೆ ಅಲ್ಲಿಗೆ ಹೋಗಿಬಿಡುತ್ತಾರೆ. ಅತ್ತೆ ಬೈಯುತ್ತಾರೆ, ಆದರೆ ದೇವರ ಮನೆಗೆ ಜಾಲರಿ ಬೇಕಾದರೆ ಅವರೇ ಹೋಗಿ ಹೇಳುತ್ತಾರೆ! ಪೇಟೆಯಲ್ಲಿ ಕೆಲವರ ಹತ್ತಿರ ಕರೆಂಟಿನಿಂದ ನಡೆಯುವ ಸ್ಕ್ರೋಲ್ ಸಾ ಎಂಬ ಯಂತ್ರ ಇದೆಯಂತೆ. ಹೊಲಿಗೆ ಯಂತ್ರದ ಸೂಜಿಯ ಹಾಗೆ ಅಲಗು ಮೇಲೆ ಕೆಳಗೆ ಆಡುತ್ತದೆ, ನಾವು ಹಲಗೆ ಹಿಡಿದು ತಿರುಗಿಸಬೇಕು. ಮಾವನದು ಕೈಯದೇ. ಅಂಗಡಿಯಲ್ಲಿ ಫ್ರೆಟ್ ಸಾ ಅಂತ ಕೇಳಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು, ಆದ್ದರಿಂದ ಕೈಯದೇ ವಾಸಿ.

ಅಲಗಿನ ಹಲ್ಲು ಹಿಡಿಯ ಕಡೆಗೆ, ಅಂದರೆ ಕೆಳಮುಖ ಇರಬೇಕು. ಕೆಳಗೆ ಎಳೆಯುವಾಗ ಅದು ಕುಯ್ಯುತ್ತದೆ, ಮೇಲೆ ಹೋಗುವಾಗ ಸುಮ್ಮನೆ ಹೋಗುತ್ತದೆ. ಅಲಗನ್ನು ಬಿಗಿಯಾಗಿ ಕಟ್ಟಿ ಬೆರಳಿಂದ ಮೀಟಿದರೆ ಟಿಣ್ ಅನ್ನಬೇಕು. ಡಬ್ ಅಂದರೆ ಸಡಿಲ ಇದೆ ಅಂತ ಅರ್ಥ, ಗೆರೆ ಬಿಟ್ಟು ಓಡುತ್ತದೆ. ಒಂದು ಹಲಗೆಗೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಚ್ಚು ಮಾಡಿ ಮೇಜಿನ ಅಂಚಿಗೆ ಬಿಗಿದು, ಕಚ್ಚಿನ ನಡುವೆ ಗರಗಸ ಆಡಿಸಬೇಕು. ತಿರುವು ಬಂದಾಗ ಗರಗಸ ತಿರುಗಿಸಬಾರದು, ನಿಂತಲ್ಲೇ ಮೇಲೆ ಕೆಳಗೆ ಆಡಿಸುತ್ತಾ ಹಲಗೆಯನ್ನು ನಿಧಾನಕ್ಕೆ ತಿರುಗಿಸಬೇಕು. ಮುಂದಕ್ಕೆ ದೂಡಬಾರದು. ಅಲಗಿಗೆ ಮೇಣದ ಬತ್ತಿ ಸವರಿದರೆ ಹಗುರ ಹೋಗುತ್ತದೆ. ಚಿತ್ರವನ್ನು ಕಾಗದದ ಮೇಲೆ ಬರೆದು ತೆಳ್ಳಗೆ ಗೋಂದು ಹಚ್ಚಿ ಅಂಟಿಸಿದರೆ ಆಮೇಲೆ ಉಪ್ಪು ಕಾಗದದಲ್ಲಿ ಉಜ್ಜಿ ತೆಗೆಯಬಹುದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಧೂಳಿಗೆ ಸೀನು ಬರುತ್ತದೆ.

ಒಳಗಿನ ತೂತು ಮೊದಲು, ಹೊರಗಿನ ಅಂಚು ಕೊನೆಗೆ. ಇದು ಮುಖ್ಯ. ಹೊರಗೆ ಮೊದಲು ಕುಯ್ದರೆ ಹಿಡಿದುಕೊಳ್ಳಲು ಜಾಗ ಇರುವುದಿಲ್ಲ. ಒಳಗೆ ಕುಯ್ಯಲು ಬೈರಿಗೆಯಿಂದ ಸಣ್ಣ ತೂತು ಮಾಡಿ, ಅಲಗಿನ ಒಂದು ತುದಿ ಬಿಚ್ಚಿ ತೂತಿನಲ್ಲಿ ತೂರಿಸಿ ಮತ್ತೆ ಕಟ್ಟಬೇಕು. ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನದ ಕಂಬದಲ್ಲಿ ಸಿಂಹದ ಬಾಯೊಳಗೆ ಉರುಳುವ ಕಲ್ಲಿನ ಗುಂಡು ಇದೆಯಲ್ಲ, ಹೊರಗಿಂದ ಹಾಕಿದ್ದಲ್ಲ, ಅದೇ ಕಲ್ಲಿನಲ್ಲಿ ಬಾಯೊಳಗೇ ಕೆತ್ತಿದ್ದು ಅಂತ ಹೇಳುತ್ತಾರೆ. ಮರದಲ್ಲಿ ಒಂದು ತೂತು ಕುಯ್ಯಲಿಕ್ಕೇ ನಮಗೆ ಇಷ್ಟು ಕಷ್ಟ, ಅವರಿಗೆ ಎಷ್ಟು ತಾಳ್ಮೆ ಇತ್ತೋ!

ಈ ಗರಗಸಕ್ಕೆ ಹೇಳಿ ಮಾಡಿಸಿದ್ದು ನಮ್ಮ ಕನ್ನಡ ಅಕ್ಷರ. ಇಂಗ್ಲಿಷಿನ ಹೆಚ್, ಇ, ಟಿ ಎಲ್ಲ ನೆಟ್ಟಗೆ, ದೊಡ್ಡ ಗರಗಸದಲ್ಲೂ ಆಗುತ್ತದೆ. ಕನ್ನಡ ಅಕ್ಷರ ಎಲ್ಲ ದುಂಡು. ತಾಳೆಗರಿ ಮೇಲೆ ಕಂಟದಿಂದ ಬರೆಯುವಾಗ ನೆಟ್ಟಗೆ ಗೀರಿದರೆ ಗರಿ ಸೀಳುತ್ತದೆ, ಅದಕ್ಕೇ ದುಂಡಾಯಿತು ಅಂತ ಹೇಳುತ್ತಾರೆ. ಆದರೆ ಕಷ್ಟವೂ ಇದೆ. "ಕೊಪ್ಪ" ಅಂತ ಕುಯ್ದರೆ ಕೆಳಗಿನ ಒತ್ತಕ್ಷರ ಕಳಚಿ ಬೀಳುತ್ತದೆ. "ಶೃಂಗೇರಿ"ಯ ಸೊನ್ನೆ ಒಂಟಿಯಾಗಿ ಎಲ್ಲೋ ಹೋಗುತ್ತದೆ. "ಠ" ಬರೆದರೆ ನಡುವಿನ ಚುಕ್ಕಿ ಉದುರುತ್ತದೆ. ಅದಕ್ಕೆ ಮೊದಲೇ ಅಕ್ಷರಕ್ಕೂ ಒತ್ತಿಗೂ ಸಣ್ಣ ಸೇತುವೆ ಬಿಟ್ಟು ಬರೆಯಬೇಕು, ಇಲ್ಲದಿದ್ದರೆ ಹಿಂದೆ ಇನ್ನೊಂದು ಹಲಗೆ ಇಟ್ಟು ಅಂಟಿಸಬೇಕು. ಒಂದು ಅಕ್ಷರದಲ್ಲಿ ಯಾವ ಭಾಗ ಯಾವುದಕ್ಕೆ ಅಂಟಿದೆ ಎಂದು ಕಾಪಿ ಬರೆಯುವಾಗ ನಾವು ನೋಡುವುದೇ ಇಲ್ಲ, ಕುಯ್ಯುವಾಗ ನೋಡಲೇ ಬೇಕು. ಕನ್ನಡ ಪೀರಿಯಡಿನಲ್ಲೇ ಇದನ್ನು ಮಾಡಿಸಬಹುದು ಅಂತ ನನಗೆ ಅನ್ನಿಸುತ್ತದೆ.

ಮರ ಎಲ್ಲಿಂದ ಎಂದು ಕೇಳಬಹುದು. ಗಂಧ, ಬೀಟೆ ಮುಟ್ಟುವುದೇ ಬೇಡ, ಅದಕ್ಕೆ ಫಾರೆಸ್ಟಿನವರ ಕಾನೂನು ಇದೆ. ತೋಟದ ನೆರಳಿಗೆ ಹಾಕುವ ಸಿಲ್ವರ್ ಓಕ್ ಕಡಿಯುವುದಕ್ಕೆ 1976ರ ಮರ ಸಂರಕ್ಷಣೆ ಕಾಯಿದೆಯಲ್ಲೂ ವಿನಾಯಿತಿ ಇದೆ. ಅದರ ತುಂಡು ಮಿಲ್ಲಿನಲ್ಲಿ ಸಿಗುತ್ತದೆ. ಹಸಿ ಹಲಗೆ ಮಾತ್ರ ತರಬಾರದು, ಸೊಟ್ಟ ಆಗುತ್ತದೆ. ನಮ್ಮ ಮಳೆಗೆ ಒಣಗಿದ ಮರವೂ ಉಬ್ಬುತ್ತದೆ, ಜುಲೈ ತಿಂಗಳಲ್ಲಿ ನಿಮ್ಮ ಮನೆ ಬಾಗಿಲು ಸರಿ ಹಾಕಿಕೊಳ್ಳುತ್ತದಾ ನೋಡಿ. ಅದಕ್ಕೆ ಮಾವ ಹಲಗೆಯನ್ನು ಒಲೆ ಮೇಲಿನ ಅಟ್ಟದಲ್ಲಿ ಇಡುತ್ತಾರೆ. ಹಲಸಿನ ಹಳೇ ಕಿಟಕಿ ತುಂಡು ಸಿಕ್ಕಿದರೆ ಅದೃಷ್ಟ. ವೀಣೆ ಮಾಡುವುದೂ ಹಲಸಿನಲ್ಲೇ.

ನರಸಿಂಹರಾಜಪುರಕ್ಕೆ ಹಿಂದೆ ಮಹಾರಾಜರ ಕಾಲದಲ್ಲಿ ತರೀಕೆರೆಯಿಂದ ಸಣ್ಣ ರೈಲು ಬರುತ್ತಿತ್ತು. ನಮ್ಮ ಕಾಡಿನ ಮರ ಅದರಲ್ಲಿ ಹೊರಗೆ ಹೋಯಿತು. ಈಗ ರೈಲು ಇಲ್ಲ. ಇಷ್ಟು ಮರದ ಊರಿನಲ್ಲಿ ಹುಟ್ಟಿದ ನಾವು ಮಾತ್ರ ಒಂದು ಪ್ಲಾಸ್ಟಿಕ್ ಸ್ಟಾಂಡನ್ನು ಜಾತ್ರೆಯಿಂದ ದುಡ್ಡು ಕೊಟ್ಟು ತರುತ್ತೇವೆ. ಪಕ್ಕದ ಸಾಗರ, ಸೊರಬದಲ್ಲಿ ಗುಡಿಗಾರರು ಗಂಧದಲ್ಲಿ ಕೆತ್ತುತ್ತಾರೆ. ಮೈಸೂರಿನಲ್ಲಿ ಬೇರೆ ಬೇರೆ ಬಣ್ಣದ ಮರವನ್ನು ಇಂಥದ್ದೇ ಸಣ್ಣ ಗರಗಸದಲ್ಲಿ ಕುಯ್ದು ಬೀಟೆ ಹಲಗೆಯಲ್ಲಿ ಕೂರಿಸುತ್ತಾರೆ. ಮೊದಲು ಆನೆ ದಂತ ಕೂರಿಸುತ್ತಿದ್ದರು, ಈಗ ಅದಕ್ಕೆ ನಿಷೇಧ. ನಾವು ಅವರಷ್ಟು ಆಗಬೇಕು ಅಂತ ನಾನು ಹೇಳುತ್ತಿಲ್ಲ.

"ಪರೀಕ್ಷೆಗೆ ಬರುವುದಿಲ್ಲ, ಟೈಮ್ ಹಾಳು" ಎನ್ನುವವರಿಗೆ ಒಂದು ಮಾತು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಕೈಕಸುಬಿನ ಮೂಲಕವೇ ಪಾಠ ಕಲಿಸಬೇಕು ಎಂದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ 6ರಿಂದ 8ನೇ ತರಗತಿಯವರು 10 ದಿನ ಬ್ಯಾಗಿಲ್ಲದೆ ಊರಿನ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಲಿ ಅಂತ ಬರೆದಿದೆ. ಆ ನೀತಿ ನಮ್ಮ ರಾಜ್ಯಕ್ಕೆ ಬೇಕೋ ಬೇಡವೋ ಅಂತ ದೊಡ್ಡವರು ಚರ್ಚೆ ಮಾಡಲಿ. ನಮಗೆ 10 ದಿನವೂ ಬೇಡ, ಶನಿವಾರದ ಕೊನೇ ಪೀರಿಯಡ್ ಸಾಕು. ಗಣಿತದ ಮೇಷ್ಟ್ರಿಗೂ ಲಾಭ ಇದೆ, ವೃತ್ತ ಕುಯ್ಯುವವರಿಗೆ ತ್ರಿಜ್ಯ ಮರೆಯುವುದಿಲ್ಲ.

ಕಲಿಸುವವರು ಯಾರು? ನಮ್ಮೂರ ಆಚಾರರನ್ನೇ ಕರೆಯಬಹುದು, ಆದರೆ ಅವರಿಗೆ ಸಂಬಳ ಕೊಡಬೇಕು. ಊಟ ಹಾಕಿ ಕಳಿಸುವುದಲ್ಲ. ಅರ್ಧ ದಿನ ಬಂದರೆ ಅವರ ಅರ್ಧ ಕೂಲಿ ಹೋಗುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ದಯವಿಟ್ಟು ಮಾತಾಡಬೇಕು.

ಮೊದಲ ಕೆಲಸಕ್ಕೆ ಏಳು ತರಗತಿಗಳ ಬಾಗಿಲಿಗೆ ಹೆಸರಿನ ಹಲಗೆ ಮಾಡೋಣ. ಈಗ ಸೀಮೆಸುಣ್ಣದಲ್ಲಿ ಬರೆದದ್ದು ಎರಚಲಿಗೆ ಅಳಿಸಿ ಹೋಗಿದೆ. ಹಲಗೆ, ಗೋಂದು, ಉಪ್ಪು ಕಾಗದ ನಾವು ಮನೆಯಿಂದ ತರುತ್ತೇವೆ. ಅಲಗು ಮಾತ್ರ ಇಲ್ಲಿ ಸಿಗುವುದಿಲ್ಲ. ಕೊಪ್ಪದಲ್ಲಿ ಒಂದು ಅಂಗಡಿಯಲ್ಲಿ ಕೇಳಿದ್ದಕ್ಕೆ ಕಬ್ಬಿಣ ಕುಯ್ಯುವ ಹ್ಯಾಕ್ಸಾ ಬ್ಲೇಡ್ ಕೊಟ್ಟರು! ಶಿವಮೊಗ್ಗಕ್ಕೆ ಹೋಗುವವರು ಯಾರಾದರೂ ಇದ್ದರೆ ಒಂದು ಡಜನ್ ತಂದುಕೊಡಿ. ದುಡ್ಡು ನಾವು ಒಟ್ಟು ಮಾಡಿ ಇಟ್ಟಿದ್ದೇವೆ.

– ಏಳನೇ ತರಗತಿಯ ಒಬ್ಬಳು ವಿದ್ಯಾರ್ಥಿನಿ