ಹಿಟ್ಲರ್‌ನನ್ನು ಕುರ್ಚಿ ಮೇಲೆ ಕೂರಿಸಿದ್ದು ಯಾರು?

ಮೊನ್ನೆ ಒಂದು ಸಭೆಯಲ್ಲಿ ಸಂಗಾತಿಯೊಬ್ಬರು "ಹಸಿದ ಜನಾನೇ ಓಟು ಹಾಕಿ ಹಿಟ್ಲರ್‌ನನ್ನು ತಂದ್ರು, ಜನ ಸರಿ ಇಲ್ಲ ಅಂದ್ರೆ ಪ್ರಜಾಪ್ರಭುತ್ವ ಏನು ಮಾಡುತ್ತೆ" ಅಂದರು. ಚಪ್ಪಾಳೆ ಬಿತ್ತು. ನಾನು ತಟ್ಟಲಿಲ್ಲ. ಪಾಪವನ್ನೆಲ್ಲ ಬಡವರ ತಲೆಗೆ ಕಟ್ಟುವ ಮಾತು ಎಲ್ಲಿ ಕೇಳಿದರೂ ನನಗೆ ಅನುಮಾನ.

ಲೆಕ್ಕ ನೋಡೋಣ ಬನ್ನಿ. 1932ರಲ್ಲಿ ಜರ್ಮನಿಯ ನಿರುದ್ಯೋಗಿಗಳು 60 ಲಕ್ಷದ ಹತ್ತಿರ ಇದ್ದರು. ಅಂಥಾ ವರ್ಷದಲ್ಲೂ ನವೆಂಬರ್ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು ಶೇ. 33. ಜುಲೈಗಿಂತ ಸುಮಾರು 20 ಲಕ್ಷ ಓಟು ಕಡಿಮೆ. ಮೂವರಲ್ಲಿ ಇಬ್ಬರು ಬೇಡ ಅಂದಿದ್ದರು! ಆದರೂ 1933ರ ಜನವರಿ 30ರಂದು ಅವನನ್ನು ಚಾನ್ಸಲರ್ ಮಾಡಿದ್ದು ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್. ಚಕ್ರವರ್ತಿ ಕಾಲದ ದಂಡನಾಯಕ. ಮಧ್ಯೆ ನಿಂತು ವ್ಯವಹಾರ ಕುದುರಿಸಿದ್ದು ಪಾಪೆನ್ ಅನ್ನೋ ಕುಲೀನ ಮನೆತನದವನು. ಹಿಟ್ಲರ್ ತಮ್ಮ ಹಿಡಿತದಲ್ಲೇ ಇರ್ತಾನೆ ಅಂತ ಇವರ ಲೆಕ್ಕಾಚಾರ.

ಇವರೆಲ್ಲ ಆ ಜಾಗದಲ್ಲಿ ಯಾಕೆ ಇನ್ನೂ ಇದ್ದರು? ಅದೇ ನನ್ನ ಪ್ರಶ್ನೆ. 1918ರಲ್ಲಿ ಚಕ್ರವರ್ತಿ ಓಡಿಹೋದ. 1919ರಲ್ಲಿ ವೈಮಾರ್ ಸಂವಿಧಾನ ಬಂತು, ಹೆಣ್ಣು ಗಂಡು ಎಲ್ಲರಿಗೂ ಓಟು ಕೊಟ್ಟಿತು. ಪುಸ್ತಕ ಹೊಸದು. ಆದರೆ ಜಡ್ಜುಗಳು ಅವರೇ, ಸೇನೆಯ ಅಧಿಕಾರಿಗಳು ಅವರೇ, ಪೂರ್ವದ ದೊಡ್ಡ ಜಮೀನ್ದಾರರ ಭೂಮಿಯನ್ನು ಯಾರೂ ಮುಟ್ಟಲಿಲ್ಲ.

1920ರಲ್ಲಿ ಕಾಪ್ ಅನ್ನೋನು ಸೈನಿಕರ ತುಕಡಿ ಕಟ್ಟಿಕೊಂಡು ಬರ್ಲಿನ್‌ಗೆ ನುಗ್ಗಿದಾಗ ಸೇನೆ ಸರ್ಕಾರದ ರಕ್ಷಣೆಗೆ ಬರಲಿಲ್ಲ. ಉಳಿಸಿದ್ದು ಮುಷ್ಕರಕ್ಕೆ ಇಳಿದ ಕೂಲಿ ಕಾರ್ಮಿಕರು. ಮ್ಯೂನಿಕ್‌ನಲ್ಲಿ ಎಡಪಂಥೀಯ ಕ್ರಾಂತಿ ಮಾಡಿದ ಲೆವಿನೆಗೆ 1919ರಲ್ಲಿ ಗುಂಡಿಕ್ಕಿ ಮರಣದಂಡನೆ. ಅದೇ ಊರಲ್ಲಿ 1923ರಲ್ಲಿ ದಂಗೆ ಎದ್ದ ಹಿಟ್ಲರ್‌ಗೆ ಐದು ವರ್ಷ ಜೈಲು, ಅದರಲ್ಲೂ ತೀರ್ಪು ಬಂದ ಒಂಬತ್ತು ತಿಂಗಳೊಳಗೆ ಬಿಡುಗಡೆ! ನ್ಯಾಯ ಯಾರ ಮುಖ ನೋಡಿ ನಡೀತಿತ್ತು ಅಂತ ನಮಗೆ ಬಿಡಿಸಿ ಹೇಳಬೇಕಾ?

ಆ ಸಂವಿಧಾನದಲ್ಲಿ 48ನೇ ವಿಧಿ ಇತ್ತು. ತುರ್ತು ಅಂತ ಹೇಳಿ ಅಧ್ಯಕ್ಷ ಸುಗ್ರೀವಾಜ್ಞೆ ಹೊರಡಿಸಬಹುದು. 1930ರಿಂದ ಬಹುಮತ ಇಲ್ಲದ ಸರ್ಕಾರಗಳು ಅದರ ಮೇಲೇ ನಡೆದವು. ಹಿಟ್ಲರ್ ಬರೋ ಹೊತ್ತಿಗೆ ಸಂಸತ್ತು ಆಗಲೇ ಅರೆಜೀವ ಆಗಿತ್ತು.

ಈಗ ಕಹಿ ಮಾತು. ಆ ನವೆಂಬರ್‌ನಲ್ಲಿ ಸೋಷಿಯಲ್ ಡೆಮಾಕ್ರಟರು, ಕಮ್ಯುನಿಸ್ಟರು ಇಬ್ಬರ ಓಟು ಸೇರಿಸಿದ್ರೆ ನಾಜಿಗಳಿಗಿಂತ ಜಾಸ್ತಿ, ಶೇ. 37. ಸೇರಲಿಲ್ಲ. 1919ರಲ್ಲಿ ಡೆಮಾಕ್ರಟರ ಸರ್ಕಾರ ಬಲಪಂಥೀಯ ಪಡೆಗಳನ್ನು ಬಿಟ್ಟು ಕಮ್ಯುನಿಸ್ಟರನ್ನು ಬಡಿದಿತ್ತು. ರೋಸಾ ಲಕ್ಸೆಂಬರ್ಗ್ ಕೊಲೆಯಾದದ್ದು ಆಗಲೇ. ಕಮ್ಯುನಿಸ್ಟರು ಡೆಮಾಕ್ರಟರನ್ನೇ "ಸೋಷಿಯಲ್ ಫ್ಯಾಸಿಸ್ಟ್" ಅಂತ ಬೈಯ್ತಾ ಕೂತರು. 1933ರ ಮಾರ್ಚ್ 23ರಂದು ಹಿಟ್ಲರ್‌ಗೆ ಸರ್ವಾಧಿಕಾರ ಕೊಡುವ ಕಾಯ್ದೆಗೆ 444 ಮತ ಬಿತ್ತು. ವಿರೋಧಿಸಿದ್ದು 94 ಡೆಮಾಕ್ರಟರು ಮಾತ್ರ. ಕಮ್ಯುನಿಸ್ಟ್ ಸದಸ್ಯರು ಅಷ್ಟೊತ್ತಿಗೆ ಜೈಲಲ್ಲಿ ಇಲ್ಲಾ ತಲೆಮರೆಸಿಕೊಂಡು. ಜೈಲಿನಲ್ಲಿ ಒಗ್ಗಟ್ಟು ಕಲಿತು ಏನು ಬಂತು?

ಸಂವಿಧಾನ ಎಷ್ಟೇ ಒಳ್ಳೇದಿರಲಿ, ನಡೆಸುವವರು ಕೆಟ್ಟವರಾದರೆ ಅದೂ ಕೆಡುತ್ತೆ ಅಂತ ಬಾಬಾಸಾಹೇಬರು 1949ರಲ್ಲೇ ಎಚ್ಚರಿಸಿದ್ದರು. ನಾವು ಪೀಠಿಕೆ ಓದ್ತೀವಿ, ಓದಲೇಬೇಕು. ಆದರೆ ನ್ಯಾಯಪೀಠ, ಪೊಲೀಸ್ ಠಾಣೆ, ಕಚೇರಿ, ಪತ್ರಿಕೆ, ಜಮೀನು ಇವೆಲ್ಲ ಯಾರ ಕೈಲಿವೆ ಅಂತ ಎಣಿಸೋದನ್ನ ಯಾವಾಗ ಶುರು ಮಾಡ್ತೀವಿ? ನಮ್ಮ ನಾಲ್ಕು ಬಣಗಳು ಒಂದೇ ಚಾಪೆ ಮೇಲೆ ಯಾವಾಗ ಕೂರ್ತೀವಿ?

ಜನರನ್ನು ಬೈಯ್ಯೋದು ಸುಲಭ. ಕುರ್ಚಿಗಳನ್ನು ಎಣಿಸಿ ನೋಡಿ.

ಜೈ ಭೀಮ್.