ಸತ್ತವರಿಗಾಗಿ ಬೇಡಲು ನಕ್ಷೆ ಬೇಕಿಲ್ಲ

ನವೆಂಬರ್ 2 ಬಂತೆಂದರೆ ಮಲ್ಪೆ ಪಕ್ಕದ ತೊಟ್ಟಂನಿಂದ ಹಿಡಿದು ಕಲ್ಯಾಣಪುರದವರೆಗೆ ಕೆಥೊಲಿಕ್ ಇಗರ್ಜಿಗಳ ಸ್ಮಶಾನದಲ್ಲಿ ಜನ ಸೇರುತ್ತಾರೆ. ಗೋರಿ ತೊಳೆದು ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಸತ್ತವರ ಹೆಸರು ಹೇಳಿ ದೇವರಲ್ಲಿ ಬೇಡಿಕೊಳ್ಳುತ್ತಾರೆ. ಬಾಸೆಲ್ ಮಿಶನ್ ಪರಂಪರೆಯ ನಮಗೆ ಅದು ಮಾಮೂಲಿ ದಿನ. ಎರಡೂ ಕಡೆಯವರು ನಂಬುವುದು ಒಬ್ಬನೇ ಯೇಸುವನ್ನು. ಬಂಗುಡೆ ಕೊಳ್ಳುವುದೂ ಒಂದೇ ಮಾರುಕಟ್ಟೆಯಲ್ಲಿ. ಸತ್ತ ಮೇಲೆ ಮಾತ್ರ ದಾರಿ ಬೇರೆ. ಈ ಬೇರ್ಪಡೆಗೆ ಕಾರಣವೆಂದು ತೋರಿಸುವುದು ಒಂದು ಬೋಧನೆಯನ್ನು: ಶುದ್ಧೀಕರಣ ಸ್ಥಳ. ಕೊಂಕಣಿಯಲ್ಲಿ ಪುರ್ಗತೊರ್.

ನಾನು ಹುಟ್ಟಿದ್ದು ಬಾಸೆಲ್ ಮಿಶನ್ ಮನೆಯಲ್ಲಿ. ತಾಯಿಯ ತವರು ಕೊಂಕಣಿ ಕೆಥೊಲಿಕರದ್ದು. ತಾಯಿಯ ಕಡೆಯ ಅಜ್ಜಿ ತೀರಿಕೊಂಡಾಗ ಏಳನೇ ದಿನದ ಪೂಜೆ, ತಿಂಗಳ ಪೂಜೆ, ವರ್ಷದ ಪೂಜೆ ಎಂದು ಮಾಡಲಿಕ್ಕೆ ಏನಾದರೂ ಇತ್ತು. ತಂದೆಯ ಕಡೆಯ ಅಜ್ಜ ತೀರಿಕೊಂಡಾಗ ಒಂದೆರಡು ಸಂಗೀತ, ಒಂದು ವಾಚನ, ಒಂದು ಪ್ರಸಂಗ. ಎಲ್ಲವೂ ಬದುಕಿದ್ದ ನಮ್ಮನ್ನು ಉದ್ದೇಶಿಸಿಯೇ ಇದ್ದವು. ಸಂತೈಸಿದ್ದು ನಮ್ಮನ್ನು, ಎಚ್ಚರಿಸಿದ್ದು ನಮ್ಮನ್ನು. ಪೆಟ್ಟಿಗೆಯಲ್ಲಿ ಮಲಗಿದ್ದ ಅಜ್ಜನಿಗಾಗಿ ಯಾರೂ ದೇವರಲ್ಲಿ ಒಂದು ಮಾತು ಕೇಳಲಿಲ್ಲ.

ಪ್ರೊಟೆಸ್ಟೆಂಟರ ಈ ಮೌನ ಶಾಸ್ತ್ರದಿಂದ ಬಂದದ್ದಲ್ಲ, ಭಯದಿಂದ ಬಂದದ್ದು ಎಂಬುದು ನನ್ನ ವಾದ. ಕೆಥೊಲಿಕರು ತಮ್ಮ ಪ್ರಾರ್ಥನೆಯ ಮೇಲೆ ಹೇರಿಕೊಂಡ ಲೆಕ್ಕಾಚಾರವೂ ಬೇಕಾಗಿರಲಿಲ್ಲ ಎಂಬುದು ಅದರ ಇನ್ನೊಂದು ಅರ್ಧ.

ಮೊದಲು ಬೋಧನೆ ಏನೆಂದು ನೋಡೋಣ. ದೇವರ ಕೃಪೆಯಲ್ಲೇ ಸತ್ತರೂ ಪೂರ್ತಿ ಶುದ್ಧರಾಗದವರು ಸ್ವರ್ಗ ಸೇರುವ ಮೊದಲು ಶುದ್ಧರಾಗಬೇಕು. ಬದುಕಿರುವವರ ಪ್ರಾರ್ಥನೆ, ಮುಖ್ಯವಾಗಿ ಬಲಿಪೂಜೆ, ಅವರಿಗೆ ನೆರವಾಗುತ್ತದೆ. 1274ರಲ್ಲಿ ಲಿಯೋನ್, 1439ರಲ್ಲಿ ಫ್ಲಾರೆನ್ಸ್, 1563ರಲ್ಲಿ ಟ್ರೆಂಟ್ ಮಹಾಸಭೆಗಳು ಇದನ್ನು ಸಾರಿದವು. ಫ್ರೆಂಚ್ ಚರಿತ್ರೆಕಾರ ಜಾಕ್ ಲ ಗೊಫ್ 1981ರ ತಮ್ಮ ಪುಸ್ತಕದಲ್ಲಿ, ಪುರ್ಗತೊರ್ ಎಂಬುದು ಒಂದು ಜಾಗದ ಹೆಸರಾಗಿ ಲ್ಯಾಟಿನ್ನಿನಲ್ಲಿ ಬಳಕೆಗೆ ಬಂದದ್ದು 12ನೇ ಶತಮಾನದ ಕೊನೆಯ ದಶಕಗಳಲ್ಲಿ ಎಂದು ತೋರಿಸಿದರು. ಸತ್ತವರಿಗಾಗಿ ಕ್ರೈಸ್ತರು ಪ್ರಾರ್ಥಿಸುತ್ತಿದ್ದದ್ದು ಅದಕ್ಕಿಂತ ನೂರಾರು ವರ್ಷ ಹಳೆಯದು. ಸಂತ ಅಗಸ್ಟೀನನ ತಾಯಿ ಮೋನಿಕಾ 387ರಲ್ಲಿ ಇಟಲಿಯ ಓಸ್ತಿಯಾದಲ್ಲಿ ಸಾಯುವಾಗ, ತನ್ನ ದೇಹವನ್ನು ಎಲ್ಲಿ ಹೂಳಿದರೂ ಸರಿ, ದೇವರ ಪೀಠದ ಬಳಿ ತನ್ನನ್ನು ನೆನೆದರೆ ಸಾಕು ಎಂದಿದ್ದಳು. ನಕ್ಷೆ ಬರೆಯುವ ಎಂಟು ಶತಮಾನ ಮೊದಲೇ ಪ್ರಾರ್ಥನೆ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ನಮ್ಮವರ ಆಕ್ಷೇಪ ಹಗುರದ್ದಲ್ಲ. ಕ್ರಿಸ್ತನ ಬಲಿ ಒಂದೇ ಸಲಕ್ಕೆ ಸಾಕಾಯಿತು ಎನ್ನುತ್ತದೆ ಇಬ್ರಿಯರಿಗೆ ಬರೆದ ಪತ್ರ. ಶಿಲುಬೆಯ ಮೇಲಿದ್ದ ಕಳ್ಳನಿಗೆ ಅದೇ ದಿನ ಪರದೈಸು ಸಿಕ್ಕಿತು. ಸತ್ತವರಿಗಾಗಿ ಬಲಿ ಅರ್ಪಿಸಿದ ಸ್ಪಷ್ಟ ಕಥೆ ಇರುವುದು ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ. ಅದು ಕೆಥೊಲಿಕರ 73 ಗ್ರಂಥಗಳ ಬೈಬಲ್‌ನಲ್ಲಿದೆ, ನಮ್ಮ 66 ಗ್ರಂಥಗಳ ಸತ್ಯವೇದದಲ್ಲಿ ಇಲ್ಲ. ಇದೆಲ್ಲಕ್ಕಿಂತ ಗಟ್ಟಿ ಆಕ್ಷೇಪ ದುಡ್ಡಿನದ್ದು. 1517ರಲ್ಲಿ ಲೂಥರ್ ಸಿಟ್ಟಿಗೆದ್ದದ್ದು ದಂಡವಿನಾಯಿತಿ ಪತ್ರಗಳ ಮಾರಾಟ ನೋಡಿ. ಸತ್ತ ತಾಯಿಯನ್ನು ನೆನೆದು ಅಳುವ ಮಗನ ಜೇಬಿಗೆ ಕೈ ಹಾಕುವುದು ಯಾವ ಕಾಲದಲ್ಲೂ ಅಸಹ್ಯ. ಈ ವಿಷಯದಲ್ಲಿ ನಾನು ಲೂಥರನ ಕಡೆಗೇ ಇದ್ದೇನೆ.

ಆದರೆ ಅದೇ ಲೂಥರ್ ಮುಂದೆ ಏನು ಬರೆದನೆಂದು ನಮ್ಮ ಭಾನುವಾರ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ. 1528ರಲ್ಲಿ ತನ್ನ ನಂಬಿಕೆಯನ್ನು ಬರೆದಿಡುವಾಗ, ಸತ್ತವರ ಬಗ್ಗೆ ಶಾಸ್ತ್ರ ಹೆಚ್ಚೇನೂ ಹೇಳದ ಕಾರಣ ಸ್ವಂತ ಭಕ್ತಿಯಿಂದ ಅವರಿಗಾಗಿ ಒಂದೆರಡು ಸಲ ದೇವರನ್ನು ಬೇಡುವುದು ಪಾಪವಲ್ಲ ಎಂದ. 1530ರಲ್ಲಿ ಶುದ್ಧೀಕರಣ ಸ್ಥಳದ ವಿರುದ್ಧವೇ ಒಂದು ಪುಸ್ತಿಕೆ ಬರೆದ. ಮರುವರ್ಷ, 1531ರಲ್ಲಿ, ಅವನ ಜೊತೆಗಾರ ಮೆಲಾಂಕ್ತನ್ ಔಗ್ಸ್‌ಬರ್ಗ್ ನಂಬಿಕೆ ಪ್ರಮಾಣವನ್ನು ಸಮರ್ಥಿಸುತ್ತಾ, ಸತ್ತವರಿಗಾಗಿ ಮಾಡುವ ಪ್ರಾರ್ಥನೆಯನ್ನು ನಾವು ನಿಷೇಧಿಸುವುದಿಲ್ಲ ಎಂದು ಲೂಥರನ್ ಸಭೆಯ ಅಧಿಕೃತ ಬರಹದಲ್ಲೇ ದಾಖಲಿಸಿದ. ಸ್ಥಳವನ್ನು ಅವರು ತಳ್ಳಿಹಾಕಿದರು, ಬೇಡಿಕೆಯನ್ನು ಉಳಿಸಿದರು. ಎರಡನ್ನೂ ಸೇರಿಸಿ ಬಿಸಾಡಿದವನು ಕಾಲ್ವಿನ್.

ಹಾಗಾದರೆ ನಮ್ಮ ಕರಾವಳಿಯಲ್ಲಿ ಈ ಬಾಗಿಲು ಇಷ್ಟು ಭದ್ರವಾಗಿ ಮುಚ್ಚಿದ್ದು ಯಾಕೆ? ಬಾಸೆಲ್ ಮಿಶನ್ ಲೂಥರನ್ ಮತ್ತು ರಿಫಾರ್ಮ್ಡ್ ಎರಡೂ ಧಾರೆಯವರು ಸೇರಿ ಕಟ್ಟಿದ್ದು. ಹೆಬಿಕ್, ಲೇನರ್, ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. ಅವರು ಕಂಡ ತುಳುನಾಡಿನಲ್ಲಿ ಸತ್ತವರು ಎಲ್ಲಿಗೂ ಹೋಗಿರಲಿಲ್ಲ. ಬೊಜ್ಜ ಆಗದ ಜೀವ ಕುಲೆಯಾಗಿ ಮನೆ ಸುತ್ತ ಅಲೆಯುತ್ತದೆ. ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸಬೇಕು. ಮಿಶನ್ನಿಗೆ ಸೇರಿದವರಲ್ಲಿ ಬಹಳ ಮಂದಿ ಬಿಲ್ಲವರು, ಈ ಲೋಕದಲ್ಲೇ ಹುಟ್ಟಿ ಬೆಳೆದವರು. ಭೂತಾರಾಧನೆಯನ್ನು ಬಿಡಿಸುವುದೇ ಮಿಶನರಿಗಳ ದೊಡ್ಡ ಹೋರಾಟವಾಗಿತ್ತು. ಸತ್ತವರಿಗಾಗಿ ಒಂದು ಪ್ರಾರ್ಥನೆಗೆ ಎಡೆ ಕೊಟ್ಟರೆ ಅದರ ಹಿಂದೆಯೇ ಅಗೆಲು ಬಡಿಸುವ ಎಲೆಯೂ ಬರುತ್ತದೆ ಎಂಬ ಅಂಜಿಕೆ ಅವರಿಗಿದ್ದರೆ ಆಶ್ಚರ್ಯವಿಲ್ಲ. ಅಂದಿನ ಮಟ್ಟಿಗೆ ಆ ಅಂಜಿಕೆ ನನಗೆ ಅರ್ಥವಾಗುತ್ತದೆ. ಜಾತಿ, ಕಸುಬು ಎರಡನ್ನೂ ಕಳೆದುಕೊಂಡು ಬಂದ ಮೊದಲ ತಲೆಮಾರಿಗೆ ಮಿಶನ್ನು ನೇಯ್ಗೆ ಕೊಟ್ಟಿತು, ಹೆಂಚಿನ ಕಾರ್ಖಾನೆ ಕೊಟ್ಟಿತು. ಮಲ್ಪೆಯಲ್ಲೂ ಅಂಥದ್ದೊಂದು ಕಾರ್ಖಾನೆ ಇತ್ತು. ಕಳೆದುಕೊಂಡ ಸತ್ತವರ ಬದಲಿಗೆ ಮಾತ್ರ ಏನನ್ನೂ ಕೊಡಲಿಲ್ಲ.

ಕೊಡದ್ದನ್ನು ಜನ ತಾವೇ ಹುಡುಕಿಕೊಂಡಿದ್ದಾರೆ. ನಮ್ಮವರೂ ಗೋರಿಗೆ ಸುಣ್ಣ ಹೊಡೆಸುತ್ತಾರೆ. ತೀರಿಕೊಂಡವರ ನೆನಪಿಗೆಂದು ಕಾಣಿಕೆಯ ಲಕೋಟೆ ಕೊಡುತ್ತಾರೆ. ಮಣಿಪಾಲದಿಂದ ಹೊರಡುವ ಉದಯವಾಣಿಯಲ್ಲಿ ಪುಣ್ಯಸ್ಮರಣೆಯ ಜಾಹೀರಾತು ಹಾಕಿಸಿ, ಸತ್ತ ಅಪ್ಪನನ್ನು ‘ನೀವು’ ಎಂದು ಕರೆದು ಮಾತಾಡುತ್ತಾರೆ. ಕಾರ್ಕಳದ ಅತ್ತೂರು ಜಾತ್ರೆಗೆ ಹೋಗಿ ಸದ್ದಿಲ್ಲದೆ ಮೇಣದಬತ್ತಿ ಹಚ್ಚಿ ಬರುವವರೂ ಇದ್ದಾರೆ. ಸತ್ತವರ ಜೊತೆ ಪತ್ರಿಕೆಯಲ್ಲಿ ಮಾತಾಡಬಹುದು, ಸತ್ತವರ ಬಗ್ಗೆ ದೇವರ ಜೊತೆ ಮಾತಾಡಬಾರದು. ಇದು ಯಾವ ಸುಧಾರಣೆ?

ಈಗ ಮಲ್ಪೆಯದ್ದೇ ಒಂದು ಮಾತು. 2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ಏಳು ಮೀನುಗಾರರೊಂದಿಗೆ ಹೊರಟ ಸುವರ್ಣ ತ್ರಿಭುಜ ಬೋಟು ಎರಡು ದಿನಗಳ ಬಳಿಕ ಸಂಪರ್ಕ ಕಳೆದುಕೊಂಡಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡಲಿನಡಿಯಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಿನಲ್ಲಿ. ನಡುವಿನ ನಾಲ್ಕೂವರೆ ತಿಂಗಳು ಈ ಊರಿನಲ್ಲಿ ಎಲ್ಲ ಮತದವರೂ ಆ ಏಳು ಮಂದಿಗಾಗಿ ಬೇಡಿಕೊಂಡರು. ಜೀವಂತ ಬರಲಿ ಎಂದು ಬೇಡಿಕೊಂಡರು. ಅವರು ಯಾವ ದಿನ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಕಟ್ಟುನಿಟ್ಟಿನ ನಿಯಮವನ್ನು ಇಲ್ಲಿ ಹಚ್ಚಿ ನೋಡಿ. ಬದುಕಿರುವವನಿಗಾಗಿ ಪ್ರಾರ್ಥಿಸುವುದು ಕರ್ತವ್ಯ, ಸತ್ತವನಿಗಾಗಿ ಪ್ರಾರ್ಥಿಸುವುದು ತಪ್ಪು. ಹಾಗಿದ್ದರೆ ದಡದಲ್ಲಿ ನಿಂತು ಒಂದೇ ಮಾತನ್ನು ದಿನವೂ ಬೇಡುವ ತಾಯಿಯ ಪ್ರಾರ್ಥನೆ, ಅವಳಿಗೇ ಗೊತ್ತಿಲ್ಲದ ಒಂದು ಗಳಿಗೆಯಲ್ಲಿ, ಕರ್ತವ್ಯದಿಂದ ತಪ್ಪಾಗಿ ಬದಲಾಗಬೇಕು. ಮಗನ ಉಸಿರು ನಿಂತ ಕ್ಷಣದಿಂದ ದೇವರು ಅವಳ ಮಾತನ್ನು ಕೇಳಿಸಿಕೊಳ್ಳುವುದನ್ನು ನಿಲ್ಲಿಸಬೇಕು. ಹೀಗೆಂದು ಬಾಯಿಬಿಟ್ಟು ಹೇಳುವ ಸಭಾಪಾಲಕರನ್ನು ನಾನು ನೋಡಿಲ್ಲ. ದೇವರು ಆ ಪ್ರಾರ್ಥನೆಯನ್ನು ಹೇಗೆ ಬೇಕೋ ಹಾಗೆ ಸ್ವೀಕರಿಸುತ್ತಾನೆ ಎನ್ನುತ್ತಾರೆ. ಸರಿ. ಗೊತ್ತಿಲ್ಲದೆ ಬೇಡಿದ್ದನ್ನು ಸ್ವೀಕರಿಸುವ ದೇವರು ಗೊತ್ತಿದ್ದು ಬೇಡಿದ್ದನ್ನು ಯಾಕೆ ತಳ್ಳಬೇಕು? ಆ ತಾಯಿಯ ಮಾತು ಬದಲಾಗಿಲ್ಲ, ಮಗ ಬದಲಾಗಿಲ್ಲ, ದೇವರು ಬದಲಾಗಿಲ್ಲ. ಬದಲಾಗಿದ್ದು ಅವಳಿಗೆ ಸಿಕ್ಕಿದ ಸುದ್ದಿ ಮಾತ್ರ.

ತೀರ್ಪು ಆಗಿ ಹೋಗಿದೆ, ಇನ್ನು ಬೇಡಿ ಪ್ರಯೋಜನವೇನು ಎಂದು ಕೇಳುತ್ತಾರೆ. ನಮಗೆ ಬೇಕಾದದ್ದು ಕೇಳುವ ಮೊದಲೇ ತಂದೆಗೆ ಗೊತ್ತು ಎಂದು ಯೇಸುವೇ ಹೇಳಿದ. ಹಾಗೆಂದು ನಾವು ಕೇಳುವುದನ್ನು ಬಿಟ್ಟಿಲ್ಲ. ದೇವರಿಗೆ ಮಾಹಿತಿ ಕೊಡಲು ಯಾರೂ ಪ್ರಾರ್ಥಿಸುವುದಿಲ್ಲ. ಪ್ರೀತಿಸಿದವರ ಹೆಸರನ್ನು ಅವನ ಮುಂದೆ ಹೇಳದೆ ಇರಲಾಗದೆ ಪ್ರಾರ್ಥಿಸುತ್ತೇವೆ. ಸಾವಿಗಿಂತ ಕ್ರಿಸ್ತನು ದೊಡ್ಡವನು ಎಂದು ಪ್ರಸಂಗ ಮಾಡುವವರು, ಪ್ರಾರ್ಥನೆಯನ್ನು ಮಾತ್ರ ಸಾವಿನ ಹೊಸ್ತಿಲಲ್ಲಿ ನಿಲ್ಲಿಸಿ ಸಾವನ್ನೇ ದೊಡ್ಡದು ಮಾಡುತ್ತಾರೆ.

ಇಷ್ಟು ಓದಿ ತಾಯಿಯ ಕಡೆಯವರು ಖುಷಿಪಡುವುದು ಬೇಡ. ಶುದ್ಧೀಕರಣದ ವಿಷಯದಲ್ಲಿ ಅತಿ ಕುತೂಹಲ, ಮೂಢನಂಬಿಕೆ, ಹೊಲಸು ಲಾಭದ ವಾಸನೆ ಇರುವುದನ್ನೆಲ್ಲ ತಡೆಯಬೇಕೆಂದು ಬಿಷಪರಿಗೆ ಆಜ್ಞೆ ಕೊಟ್ಟದ್ದು ಬೇರೆ ಯಾರೂ ಅಲ್ಲ, 1563ರ ಟ್ರೆಂಟ್ ಮಹಾಸಭೆಯೇ. ಆದರೂ 1967ರಲ್ಲಿ ಪೋಪ್ 6ನೇ ಪೌಲ್ ತೆಗೆದುಹಾಕುವವರೆಗೆ ಒಂದೊಂದು ಜಪಕ್ಕೆ ಇಷ್ಟಿಷ್ಟು ದಿನದ ವಿನಾಯಿತಿ ಎಂಬ ಲೆಕ್ಕ ನಡೆದೇ ಇತ್ತು. ಇದು ಸ್ಥಳವಲ್ಲ, ಸ್ಥಿತಿ ಎಂದು ಪೋಪ್ 2ನೇ ಜಾನ್ ಪೌಲ್ 1999ರಲ್ಲಿ ಬೋಧಿಸಿದರು. ಸುಡುವ ಬೆಂಕಿ ಎಂದರೆ ಕ್ರಿಸ್ತನೇ ಇರಬಹುದು, ಅವನನ್ನು ಎದುರಾಗುವುದೇ ಶುದ್ಧೀಕರಣ ಎಂಬ ಚಿಂತನೆಯನ್ನು ಪೋಪ್ 16ನೇ ಬೆನೆಡಿಕ್ಟ್ 2007ರಲ್ಲಿ ಮುಂದಿಟ್ಟರು. ಇಷ್ಟು ಹೇಳಿದ ಮೇಲೆ ಉಳಿಯುವುದು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಬೆಂಕಿ: ಮನುಷ್ಯ ಕಟ್ಟಿದ್ದನ್ನು ಸುಟ್ಟು ಪರೀಕ್ಷಿಸಿ, ಅವನನ್ನು ಉಳಿಸುವ ಬೆಂಕಿ. ಇದಕ್ಕೆ ಜಗಳವಾಡುವ ಪ್ರೊಟೆಸ್ಟೆಂಟ್ ಕಡಿಮೆ. ಆದರೆ ಬೆನೆಡಿಕ್ಟರ ಮಾತು ಊರ ಇಗರ್ಜಿಯವರೆಗೆ ಎಷ್ಟು ಇಳಿದಿದೆ? ಮಕ್ಕಳಿಗೆ ಈಗಲೂ ಹೇಳುವುದು ಉರಿಯ ಕಥೆ. ಸತ್ತವರ ಪೂಜೆಗೆ ದುಡ್ಡು ಹೊಂದಿಸಲಾಗದೆ ನಾಚಿ ಹಿಂದೆ ನಿಲ್ಲುವ ಬಡವರು ಈಗಲೂ ಇದ್ದಾರೆ. ಕಾಣಿಕೆ ಇಲ್ಲದಿದ್ದರೂ, ಮುಖ್ಯವಾಗಿ ಬಡವರ ಕೋರಿಕೆಯಂತೆ, ಪೂಜೆ ಅರ್ಪಿಸಬೇಕೆಂದು 1983ರ ಧರ್ಮಸಭೆಯ ಕಾನೂನೇ ಒತ್ತಿ ಹೇಳುತ್ತದೆ. ವ್ಯಾಪಾರದ ಛಾಯೆಯೂ ಸುಳಿಯಬಾರದು ಎನ್ನುತ್ತದೆ. ಅದನ್ನು ಇಗರ್ಜಿಯ ಬಾಗಿಲಲ್ಲಿ ಬರೆದು ಹಾಕಿದರೆ ಲೂಥರನ ಅರ್ಧ ಸಿಟ್ಟು ತಣಿಯುತ್ತದೆ.

ನಾನು ಕೇಳುತ್ತಿರುವುದು ಯಾರೂ ಕಾಣದ ಹೊಸ ಪಂಥವೇನೂ ಅಲ್ಲ. ಮಲ್ಪೆಯಿಂದ ಸಂತೆಕಟ್ಟೆಗೆ ಹೋಗಿ, ಕಲ್ಯಾಣಪುರದ ಸೇತುವೆಯಲ್ಲಿ ಸ್ವರ್ಣಾ ನದಿ ದಾಟಿದರೆ ಬ್ರಹ್ಮಾವರ ಸಿಗುತ್ತದೆ. ಅಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಕ್ರೈಸ್ತರಿದ್ದಾರೆ. ಪೋಪ್ 13ನೇ ಲಿಯೊ ಕಾಲದಲ್ಲಿ ಪೋರ್ಚುಗೀಸ್ ಪದ್ರುವಾದೊ ಅಧಿಕಾರವನ್ನು ಮೊಟಕುಗೊಳಿಸಿದಾಗ, 1880ರ ದಶಕದ ಕೊನೆಯಲ್ಲಿ, ಅಲ್ವಾರಿಸ್ ಮತ್ತು ಪಾದ್ರಿ ನೊರೊನ್ಹಾ ಅವರ ಹಿಂದೆ ರೋಮಿನಿಂದ ಬೇರೆಯಾದವರು ಇವರ ಹಿರಿಯರು. ಈಗ ಇವರು ಮಲಂಕರ ಆರ್ಥೊಡಾಕ್ಸ್ ಸಭೆಗೆ ಸೇರಿದವರು. ಆರ್ಥೊಡಾಕ್ಸ್ ಸಭೆ ಶುದ್ಧೀಕರಣ ಸ್ಥಳದ ಬೋಧನೆಯನ್ನು ಒಪ್ಪುವುದಿಲ್ಲ, ಆದರೆ ತೀರಿಕೊಂಡವರಿಗಾಗಿ ತಪ್ಪದೆ ಪ್ರಾರ್ಥಿಸುತ್ತದೆ. ಸತ್ತವರು ಎಲ್ಲಿದ್ದಾರೆಂಬ ಲೆಕ್ಕ ದೇವರದ್ದು, ಅವರಿಗೆ ಕರುಣೆ ತೋರು ಎಂದು ಬೇಡುವುದು ನಮ್ಮದು ಎಂಬಷ್ಟರಲ್ಲಿ ಅವರು ನಿಂತಿದ್ದಾರೆ. ನಮ್ಮ ಎರಡು ಪಂಗಡಗಳು ಅಸಾಧ್ಯವೆಂದು ಹೇಳುತ್ತಾ ಬಂದದ್ದು ಒಂದು ಹೊಳೆಯ ಆಚೆ ಇಷ್ಟು ಕಾಲವೂ ನಡೆದುಕೊಂಡು ಬಂದಿದೆ.

ಹಾಗಾಗಿ ನಮ್ಮ ಸಭೆಯ ಹಿರಿಯರಲ್ಲಿ ನಾನು ಕೇಳುವುದು ಒಂದೇ ವಾಕ್ಯ. ಶವಸಂಸ್ಕಾರದ ಆರಾಧನೆಯಲ್ಲಿ, ಮಣ್ಣು ಹಾಕುವ ಮೊದಲು, ಸತ್ತವನ ಹೆಸರು ಹಿಡಿದು, ಕರ್ತನೇ ಇವನನ್ನು ಕರುಣಿಸು ಎಂದು ಹೇಳಿ. ಇದಕ್ಕೆ ದುಡ್ಡು ಬೇಡ, ದಿನದ ಲೆಕ್ಕ ಬೇಡ, ಬೆಂಕಿಯ ಚಿತ್ರವೂ ಬೇಡ. ಕುಲೆಯ ಭಯ ಇಲ್ಲದ ಐದನೇ, ಆರನೇ ತಲೆಮಾರಿಗೆ ಇಷ್ಟನ್ನು ನಂಬಿ ಕೊಡಬಹುದು. ಕೆಥೊಲಿಕ್ ಪಾದ್ರಿಗಳಲ್ಲಿ ಕೇಳುವುದೂ ಒಂದೇ. ಮುಂದಿನ ನವೆಂಬರ್ 2ರಂದು ಹೆಸರು ಬರೆಸಲು ಯಾರೂ ಇಲ್ಲದವರಿಗಾಗಿ, ಕಡಲಿನಿಂದ ದೇಹವೂ ಮರಳಿ ಬಾರದವರಿಗಾಗಿ, ಒಂದು ರೂಪಾಯಿ ಕಾಣಿಕೆಯೂ ಇಲ್ಲದ ಒಂದು ಪೂಜೆ ಇಡಿ. ಕರೆದರೆ ನಮ್ಮ ಕಡೆಯಿಂದಲೂ ನಾಲ್ಕು ಜನ ಬರುತ್ತೇವೆ.