ಪೆಟ್ಟಿಗೆ ಸೇರಿದ ಕುಲಾವಿ

ಮಕ್ಕಳೇ, ನನ್ನ ಪುಟ್ಟ ಮೊಮ್ಮಗಳಿಗೆ ಈಗ ಏಳು ತಿಂಗಳು. ಮೈಮೇಲೆಲ್ಲ ಎಕ್ಸಿಮಾ. ರಾತ್ರಿಯಿಡೀ ಕೆನ್ನೆ ಕೆರೆದುಕೊಂಡು ಅಳುವಳು. ಬೆಳಿಗ್ಗೆ ನೋಡಿದರೆ ಹಾಸಿದ ಬಟ್ಟೆಯ ಮೇಲೆ ರಕ್ತದ ಚುಕ್ಕೆ.

ನಾನೋ ಹಳೇ ಕಾಲದವಳು. ಬಿಸಿಬಿಸಿ ನೀರು, ಕಡಲೆಹಿಟ್ಟು, ಸಾಂಬ್ರಾಣಿ ಹೊಗೆ, ಮೇಲೆ ನಾನೇ ಹೆಣೆದ ಉಣ್ಣೆ ಕುಲಾವಿ. ನಾಲ್ಕು ಮಕ್ಕಳನ್ನು ಹೀಗೇ ಬೆಳೆಸಿದ ಜಂಬ ಬೇರೆ! “ಅಜ್ಜಿ, ಇವೆಲ್ಲ ತುರಿಕೆ ಹೆಚ್ಚಿಸುತ್ತವೆ” ಅಂದರು ಡಾಕ್ಟರು, ಅದೂ ಸೊಸೆಯ ಎದುರಿಗೇ. ಎರಡು ದಿನ ಮುನಿಸಿಕೊಂಡಿದ್ದೆ.

ಇಂಥ ಚರ್ಮ ನೀರಿನ ಪಸೆ ಹಿಡಿದಿಟ್ಟುಕೊಳ್ಳಲಾರದಂತೆ. ಒಣಗಿದರೂ ತುರಿಕೆ, ಸೆಕೆಯಾದರೂ ತುರಿಕೆ. ಈಗ ಮಲಗುವ ಮುಂಚೆ ಉಗುರುಬೆಚ್ಚನೆಯ ನೀರಿನಲ್ಲಿ 5–10 ನಿಮಿಷ ಸ್ನಾನ, ಅಷ್ಟೇ. ಉಜ್ಜದೆ ಮೆಲ್ಲಗೆ ಒತ್ತಿ ಒರೆಸಿ, ಪಸೆ ಆರುವ ಮೊದಲೇ ಪರಿಮಳವಿಲ್ಲದ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚುತ್ತೇವೆ. ಕೆಂಪಾದ ಕಡೆ ಮಾತ್ರ ಡಾಕ್ಟರು ಬರೆದ ಮುಲಾಮು, ಅವರು ಹೇಳಿದಷ್ಟೇ. ಸಡಿಲ ಹತ್ತಿ ಅಂಗಿ, ಗಿಡ್ಡ ಉಗುರು. ಕುಲಾವಿ ಪೆಟ್ಟಿಗೆ ಸೇರಿತು.

ನಾಲ್ಕನೇ ಕ್ಲಾಸಿನ ಮೊಮ್ಮಗ “ನನಗೂ ಅಂಟುತ್ತಾ?” ಅಂತ ದೂರವೇ ನಿಂತಿದ್ದ. ಇಲ್ಲ ಕಣೋ, ಇದು ಅಂಟುರೋಗವಲ್ಲ ಅಂದೆ. ಈಗ ತಂಗಿಯ ಕಾಲಿಗೆ ಕ್ರೀಮು ಹಚ್ಚುವ ಕೆಲಸ ಅವನದೇ.

ನಿನ್ನೆ ರಾತ್ರಿ ಪಾಪು ಎದ್ದದ್ದು ಒಂದೇ ಸಲ, ಅದೂ ಹಾಲಿಗೆ.